ಡೋರಿಕೊ ಕೊಳ್ಳುವ ಮೊದಲು ಅದರ ಹಿಂದಿನ ಕಥೆ ತಿಳಿದಿರಲಿ

ಮಂಗಳೂರಿನ ನಮ್ಮ ಇಗರ್ಜಿಯ ಗಾಯನ ಮಂಡಳಿಗೆ ನಾನು ಇಪ್ಪತ್ತೆರಡು ವರ್ಷಗಳಿಂದ ಸ್ವರಲಿಪಿ ಬರೆದು ಕೊಡುತ್ತಿದ್ದೇನೆ. ಹಳೆಯ ರಾಗವೊಂದನ್ನು ತೆಗೆದುಕೊಂಡು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ದನಿಗಳಿಗೆ ಹಂಚುವುದು, ಐದು ಗೆರೆಗಳ ಕೆಳಗೆ ಕನ್ನಡ ಲಿಪಿಯಲ್ಲಿ ಕೊಂಕಣಿ ಸಾಹಿತ್ಯವನ್ನು ಅಕ್ಷರ ಅಕ್ಷರವಾಗಿ ಕೂರಿಸುವುದು, ಹಬ್ಬದ ದಿನ ಬ್ಯಾಂಡಿನವರು ಜೊತೆಗೂಡುವುದಾದರೆ ಕಾರ್ನೆಟ್‌ಗೂ ಟ್ರಂಪೆಟ್‌ಗೂ ಬೇರೆ ಹಾಳೆ ತೆಗೆಯುವುದು, ಇಷ್ಟು ನನ್ನ ಕೆಲಸ. 2018ರಿಂದ ಇದನ್ನೆಲ್ಲ ಡೋರಿಕೊ ಎಂಬ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ಅದು ಹೇಗಿದೆ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಕಾರಣ, ಇದೇ ಕೆಲಸಕ್ಕೆ ಬಹಳ ಜನ ಬಳಸುತ್ತಿದ್ದ ಫಿನಾಲೆ ಎಂಬ ತಂತ್ರಾಂಶ ನಿಂತುಹೋಗಿದೆ.

ಅದರ ಗುಣಗಳನ್ನು ಹೇಳುವ ಮೊದಲು ಅದು ಹುಟ್ಟಿದ ಬಗೆಯನ್ನು ಹೇಳಬೇಕು. ಒಂದು ಚಿಕ್ಕ ಕಂಪನಿ ಮಾರಾಟವಾಗದೆ ಹೋಗಿದ್ದರೆ ಈ ತಂತ್ರಾಂಶವೇ ಇರುತ್ತಿರಲಿಲ್ಲ.

ಇಂಗ್ಲೆಂಡಿನ ಬೆನ್ ಫಿನ್, ಜೊನಾಥನ್ ಫಿನ್ ಎಂಬ ಅವಳಿ ಸಹೋದರರು ವಿದ್ಯಾರ್ಥಿಗಳಾಗಿದ್ದಾಗಲೇ ಆರಂಭಿಸಿದ ಕೆಲಸ ಸಿಬೇಲಿಯಸ್ ಎಂಬ ಸ್ವರಲಿಪಿ ತಂತ್ರಾಂಶ. 1993ರಲ್ಲಿ ಮೊದಲು ಮಾರುಕಟ್ಟೆಗೆ ಬಂದಾಗ ಅದು ಓಡುತ್ತಿದ್ದದ್ದು ಆಕಾರ್ನ್ ಕಂಪ್ಯೂಟರ್‌ಗಳಲ್ಲಿ ಮಾತ್ರ. ವಿಂಡೋಸ್‌ಗೆ ಬಂದದ್ದು 1998ರಲ್ಲಿ. ತಮ್ಮ ಕುಲನಾಮ ಫಿನ್ ಆದ್ದರಿಂದ ಫಿನ್ಲೆಂಡಿನ ಸಂಗೀತಗಾರನ ಹೆಸರಿಟ್ಟರೆಂದು ಹೇಳುತ್ತಾರೆ. ನನ್ನ ಕೈಗೆ ಅದು ಸಿಕ್ಕಿದ್ದು ಮೂರನೆಯ ಆವೃತ್ತಿಯಲ್ಲಿ. 2005ರ ನಾಲ್ಕನೆಯ ಆವೃತ್ತಿ ಬಂದಾಗ ನನಗೆ ಆದ ಸಂತೋಷ ಇಂದಿಗೂ ನೆನಪಿದೆ. ಪೂರ್ಣ ಸ್ವರಲಿಪಿಯಲ್ಲಿ ಒಂದು ಸ್ವರವನ್ನು ತಿದ್ದಿದರೆ ಆಯಾ ವಾದ್ಯದ ಹಾಳೆಯಲ್ಲಿಯೂ ಅದು ತಾನಾಗಿ ತಿದ್ದಿಕೊಳ್ಳುತ್ತಿತ್ತು. ಅದಕ್ಕೆ ಮೊದಲು ಬ್ಯಾಂಡಿನ ಎಂಟು ಹಾಳೆಗಳನ್ನು ಎಂಟು ಸಲ ತಿದ್ದಬೇಕಾಗಿತ್ತು, ಒಂದನ್ನು ಮರೆತರೆ ಹಬ್ಬದ ಮೆರವಣಿಗೆಯಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ಇಂಥದ್ದನ್ನು ಯೋಚಿಸಿದವರು ಬ್ಯಾಂಡಿನ ಜೊತೆ ಕುಳಿತವರೇ ಆಗಿರಬೇಕು ಎಂದು ನನಗೆ ಅನ್ನಿಸಿತ್ತು.

2006ರಲ್ಲಿ ಅಮೆರಿಕದ ಅವಿಡ್ ಕಂಪನಿ ಸಿಬೇಲಿಯಸ್ಸನ್ನು ಕೊಂಡಿತು. ಆಗ ನಾವು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಕಚೇರಿಯಲ್ಲಿ ಅದೇ ಜನ ಅದೇ ಕೆಲಸವನ್ನು ಮುಂದುವರಿಸಿದರು. ಐದು, ಆರು, ಏಳು ಎಂದು ಆವೃತ್ತಿಗಳೂ ಬಂದವು. ಪೆಟ್ಟು ಬಿದ್ದದ್ದು 2012ರ ಜುಲೈಯಲ್ಲಿ. ಅವಿಡ್ ತನ್ನ ಗೃಹಬಳಕೆಯ ವ್ಯವಹಾರಗಳನ್ನು ಬೇರೆಯವರಿಗೆ ಮಾರಿತು. ಸಿಬೇಲಿಯಸ್ಸನ್ನು ತನ್ನಲ್ಲಿಯೇ ಇಟ್ಟುಕೊಂಡಿತು, ಅದನ್ನು ಬರೆದವರ ಲಂಡನ್ ಕಚೇರಿಯನ್ನು ಮುಚ್ಚಿತು.

ಬಳಕೆದಾರರು ಸುಮ್ಮನಿರಲಿಲ್ಲ. ಸಂಗೀತ ರಚನಕಾರರು, ಶಾಲೆಯ ಸಂಗೀತ ಶಿಕ್ಷಕರು, ಪ್ರಕಾಶನಕ್ಕೆ ಸ್ವರಲಿಪಿ ಸಿದ್ಧಪಡಿಸುವವರು ಎಲ್ಲರೂ ಪತ್ರ ಬರೆದರು, ಸಿಬೇಲಿಯಸ್ಸನ್ನು ಉಳಿಸಿ ಎಂದು ಅಭಿಯಾನ ಕಟ್ಟಿದರು. ಫಿನ್ ಸಹೋದರರು ಮರಳಿ ಕೊಳ್ಳಲು ಮುಂದಾದರೂ ಅದು ಆಗಲಿಲ್ಲ. ಇದನ್ನು ನೋಡಿ, ಒಂದು ತಂತ್ರಾಂಶಕ್ಕಾಗಿ ಇಷ್ಟು ಭಾವುಕರಾಗಬೇಕೇ ಎಂದು ಕೇಳಿದವರಿದ್ದರು. ನನ್ನ ಮನೆಯಲ್ಲಿಯೂ ಕೇಳಿದರು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಎರಡು ವರ್ಷಗಳ ನಂತರ ಹೊಳೆಯಿತು.

ಆ ಉತ್ತರ ಬಂದದ್ದು ಸಿಬೇಲಿಯಸ್ಸಿನಿಂದ ಅಲ್ಲ. ನಾನು ಅದರ ಜೊತೆಗೆ ಇನ್ನೊಂದು ಪುಟ್ಟ ತಂತ್ರಾಂಶವನ್ನು ಬಳಸುತ್ತಿದ್ದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾಡುವವರ ಅಭ್ಯಾಸಕ್ಕೆಂದೇ ಮಾಡಿದ್ದು ಅದು: ಆಲ್ಟೊ ಕಲಿಯುವವರಿಗೆ ಆಲ್ಟೊ ದನಿಯನ್ನು ಮುಂದೆ ಇಟ್ಟು, ಉಳಿದ ಮೂರನ್ನು ಹಿಂದೆ ಸಣ್ಣಗೆ ನುಡಿಸುತ್ತಿತ್ತು. ಸ್ವರಲಿಪಿ ಓದಲು ಬಾರದ ನಮ್ಮ ಅರ್ಧ ಮಂಡಳಿ ಅದನ್ನು ಕೇಳಿಯೇ ಕಲಿಯುತ್ತಿತ್ತು. ಬೆಲೆ ಕಡಿಮೆ, ಪ್ರಶ್ನೆ ಕೇಳಿದರೆ ಬರೆದವರೇ ಉತ್ತರ ಕೊಡುತ್ತಿದ್ದರು. ಒಮ್ಮೆ ನಮ್ಮ ಕನ್ನಡ ಸಾಹಿತ್ಯ ಸರಿಯಾಗಿ ಮೂಡುತ್ತಿಲ್ಲ ಎಂದು ಬರೆದಾಗ ಎರಡು ವಾರದಲ್ಲಿ ಸರಿಪಡಿಸಿ ಕಳುಹಿಸಿದ್ದರು. ಎಲ್ಲಿಯೋ ಕುಳಿತ ಮನುಷ್ಯ, ಒತ್ತಕ್ಷರ ಎಂದರೇನೆಂದು ನನ್ನಿಂದ ಕೇಳಿ ತಿಳಿದುಕೊಂಡು ಮಾಡಿದ ಕೆಲಸ ಅದು. ಮುಂದೆ ಆ ಕಂಪನಿಯನ್ನು ದೊಡ್ಡದೊಂದು ಕೊಂಡಿತು. ಮಾರಾಟ ನಿಂತಿತು. ನನ್ನ ಕಂಪ್ಯೂಟರ್‌ನಲ್ಲಿ ಇದ್ದದ್ದು ಓಡುತ್ತಿದ್ದುದರಿಂದ ನಾನು ಗಮನಿಸಲಿಲ್ಲ.

2014ರ ಮೇ ತಿಂಗಳಲ್ಲಿ ಮಳೆಗಾಲದ ಮುಂಚಿನ ಸಿಡಿಲು ನಮ್ಮ ಮನೆಯ ಹಿಂದಿನ ತೆಂಗಿನಮರಕ್ಕೆ ಬಡಿದು ಕಂಪ್ಯೂಟರ್ ಸುಟ್ಟುಹೋಯಿತು. ಕಡತಗಳ ಪ್ರತಿ ಬೇರೆ ಡಿಸ್ಕಿನಲ್ಲಿ ಇತ್ತು, ಆದ್ದರಿಂದ ಧೈರ್ಯವಾಗಿದ್ದೆ. ಹೊಸ ಯಂತ್ರಕ್ಕೆ ತಂತ್ರಾಂಶ ಹಾಕಿ ನೋಂದಣಿ ಸಂಖ್ಯೆ ಕೊಟ್ಟರೆ ಅದನ್ನು ಒಪ್ಪಿಕೊಳ್ಳಬೇಕಾದ ಸರ್ವರ್ ಇರಲಿಲ್ಲ. ಹಣ ಕೊಟ್ಟು ಕೊಂಡದ್ದು ನನ್ನದು, ಸಂಖ್ಯೆ ನನ್ನದು, ಕಡತಗಳು ನನ್ನವು. ತೆರೆಯಲು ಮಾತ್ರ ಸಾಧ್ಯವಿಲ್ಲ. ನೇರವಾಗಿ ಅದರಲ್ಲಿಯೇ ಬರೆದಿದ್ದ 43 ಗೀತೆಗಳು ಒಳಗೆ ಉಳಿದವು.

ಅವುಗಳನ್ನು ಉಳಿಸಿದವರು ನಮ್ಮ ಮಂಡಳಿಯಲ್ಲಿ ಆಲ್ಟೊ ಹಾಡುವ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತೇವೆ. ವಿಷಯ ತಿಳಿದ ಮರುದಿನ ಸಂಜೆ ಒಂದು ಹಳೆಯ ಸೂಟ್‌ಕೇಸ್ ತಂದರು. ಒಳಗೆ ಪ್ಲಾಸ್ಟಿಕ್ ಲಕೋಟೆಗಳಲ್ಲಿ, ವರ್ಷದ ಪ್ರಕಾರ, ನಾನು ಹಂಚಿದ್ದ ಪ್ರತಿಯೊಂದು ಹಾಳೆ. "ಟೀಚರ್, ಇದನ್ನೆಲ್ಲ ಏಕೆ ಇಟ್ಟುಕೊಂಡಿರಿ?" ಎಂದು ಕೇಳಿದೆ. "ನೀನು ರಾತ್ರಿ ಕುಳಿತು ಬರೆದದ್ದು ಮಾರಾಯ, ಎಸೆಯಲಿಕ್ಕೆ ಹೇಗೆ ಮನಸ್ಸು ಬರುತ್ತದೆ?" ಎಂದರು. 43ರಲ್ಲಿ 41 ಸಿಕ್ಕಿದವು. ಸಿಗದ ಎರಡರಲ್ಲಿ ಒಂದು ನನ್ನ ತಂದೆಯ ಮರಣದ ವರ್ಷ ಬರೆದದ್ದು. ಅದರ ಟೆನರ್ ಸಾಲು ನನಗೆ ಈಗಲೂ ಪೂರ್ತಿ ನೆನಪಾಗುತ್ತಿಲ್ಲ.

ಲಂಡನ್ ಕಚೇರಿ ಮುಚ್ಚಿದಾಗ ಬಳಕೆದಾರರು ಏಕೆ ಅಷ್ಟು ಸಿಟ್ಟಾದರು ಎಂಬುದು ನನಗೆ ಅರ್ಥವಾದದ್ದು ಹೀಗೆ. ಸ್ವರಲಿಪಿಯ ತಂತ್ರಾಂಶ ಕೊಳ್ಳುವವನು ತನ್ನ ಜೀವಮಾನದ ಬರವಣಿಗೆಯನ್ನು ಅದರ ವಶಕ್ಕೆ ಕೊಡುತ್ತಾನೆ. ಫೋಟೊ ತಿದ್ದುವ ತಂತ್ರಾಂಶ ಕೆಟ್ಟರೆ ಫೋಟೊ ಉಳಿಯುತ್ತದೆ. ಇಲ್ಲಿ ಹಾಗಾಗುವುದಿಲ್ಲ. ತಂತ್ರಾಂಶ ಹೋದರೆ, ತಿದ್ದಬಹುದಾದ ರೂಪದಲ್ಲಿ ಹಾಡೇ ಹೋಗುತ್ತದೆ. ಆದ್ದರಿಂದ ಕಂಪನಿ ಕೈ ಬದಲಾಯಿಸಿದಾಗ ಗ್ರಾಹಕರು ಕೇಳುವ ಪ್ರಶ್ನೆಗಳನ್ನು ಗದ್ದಲ ಎಂದು ತಳ್ಳಿಹಾಕಬಾರದು. ಅವರು ತಮ್ಮ ಬರವಣಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದಾರೆ.

ಇನ್ನು ಡೋರಿಕೊ. 2012ರ ಕೊನೆಗೆ ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಕಂಪನಿ, ಸಿಬೇಲಿಯಸ್ಸಿನಿಂದ ಹೊರಬಿದ್ದ ಡೇನಿಯಲ್ ಸ್ಪ್ರೆಡ್‌ಬರಿ ಮತ್ತು ಅವರ ತಂಡವನ್ನು ಲಂಡನ್ನಿನಲ್ಲಿಯೇ ಕೆಲಸಕ್ಕೆ ತೆಗೆದುಕೊಂಡಿತು. ಸಿಬೇಲಿಯಸ್ಸಿಗಾಗಿ ಬರೆದಿದ್ದ ಮೂಲಸಂಕೇತದ ಸಾಲುಗಳಲ್ಲಿ ಒಂದನ್ನೂ ಬಳಸುವಂತಿಲ್ಲ. ಎಲ್ಲವನ್ನೂ ಸೊನ್ನೆಯಿಂದ ಬರೆಯಬೇಕು. ಸುಮಾರು ನಾಲ್ಕು ವರ್ಷ ದುಡಿದು 2016ರ ಅಕ್ಟೋಬರ್‌ನಲ್ಲಿ ಮೊದಲ ಆವೃತ್ತಿ ಹೊರತಂದರು. ಹದಿನಾರನೆಯ ಶತಮಾನದಲ್ಲಿ ರೋಮ್‌ನಲ್ಲಿ ಸಂಗೀತ ಮುದ್ರಿಸುತ್ತಿದ್ದ ವಲೇರಿಯೊ ಡೋರಿಕೊನ ಹೆಸರನ್ನು ಇಟ್ಟರು. ಆ ಕಾಲದ ಸಂಗೀತ ರಚನಕಾರ ಪಾಲೆಸ್ತ್ರೀನನ ಪೂಜಾ ಸಂಗೀತವನ್ನು ಮೊದಲು ಅಚ್ಚು ಹಾಕಿದವನು ಅವನು. ಇಗರ್ಜಿಯಲ್ಲಿ ಹಾಡುವ ನನಗೆ ಆ ಹೆಸರು ಇಷ್ಟವಾಯಿತು.

ಮೊದಲ ಎರಡು ತಿಂಗಳು ಕಷ್ಟಪಟ್ಟೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಸಿಬೇಲಿಯಸ್ಸಿನಲ್ಲಿ ಒಂದು ಮಾತ್ರೆಯ ಸ್ವರಕ್ಕೆ 4 ಒತ್ತಬೇಕು, ಡೋರಿಕೊದಲ್ಲಿ 6. ಹದಿನಾಲ್ಕು ವರ್ಷಗಳ ಬೆರಳಿನ ಅಭ್ಯಾಸವನ್ನು ಬಿಡಿಸುವುದೆಂದರೆ ಹಾರ್ಮೋನಿಯಂ ನುಡಿಸುವವನಿಗೆ ಶ್ರುತಿಮನೆ ಬದಲಾಯಿಸಿ ಕೊಟ್ಟಂತೆ. ಇನ್ನೊಂದು ವಿಷಯ: ಬರೆಯುವುದಕ್ಕೆ ಒಂದು ವಿಭಾಗ, ಪುಟದ ಅಂದ ತಿದ್ದುವುದಕ್ಕೆ ಬೇರೊಂದು ವಿಭಾಗ. ಬರೆಯುತ್ತಿರುವಾಗಲೇ ಒಂದು ಗುರುತನ್ನು ಸ್ವಲ್ಪ ಮೇಲೆ ಎಳೆದಿಡೋಣ ಎಂದರೆ ಎದ್ದು ಆಚೆಯ ಕೋಣೆಗೆ ಹೋಗಬೇಕು. ಇದು ಮೊದಲು ಕಿರಿಕಿರಿ ಎನಿಸಿತು. ಆಮೇಲೆ ತಿಳಿಯಿತು, ನಾನು ಹಾಡು ಮುಗಿಸುವ ಮೊದಲೇ ಅಲಂಕಾರಕ್ಕೆ ಕೈಹಾಕುತ್ತಿದ್ದೆ. ಈಗ ಮೊದಲು ಹಾಡು, ಆಮೇಲೆ ಪುಟ. ಕೆಲಸ ಬೇಗ ಮುಗಿಯುತ್ತಿದೆ.

ನನಗೆ ಬಹಳ ಉಪಯೋಗಕ್ಕೆ ಬಂದಿರುವುದು 'ಫ್ಲೋ' ಎಂಬ ವ್ಯವಸ್ಥೆ. ಒಂದು ಬಲಿಪೂಜೆಗೆ ಕೀರಿಯೆ, ಗ್ಲೋರಿಯಾ, ಸಾಂಕ್ತುಸ್, ಆಗ್ನುಸ್ ದೇಯಿ ಎಂದು ಬೇರೆ ಬೇರೆ ಗೀತೆಗಳು ಬೇಕು. ಹಿಂದೆ ನಾಲ್ಕು ಕಡತ ಮಾಡಿ, ಪುಟಸಂಖ್ಯೆ ಕೈಯಿಂದ ಹಾಕಿ, ಅಕ್ಷರದ ಗಾತ್ರ ಒಂದರಂತೆ ಇನ್ನೊಂದರಲ್ಲಿ ಇದೆಯೇ ಎಂದು ಅಳೆದು ನೋಡುತ್ತಿದ್ದೆ. ಇಲ್ಲಿ ಎಲ್ಲವೂ ಒಂದೇ ಕಡತದಲ್ಲಿ ಬೇರೆ ಬೇರೆ ಫ್ಲೋಗಳಾಗಿ ಕೂರುತ್ತವೆ. ಗ್ಲೋರಿಯಾದಲ್ಲಿ ಮಾತ್ರ ಬ್ಯಾಂಡ್ ಇದ್ದರೆ ಆ ವಾದ್ಯಗಳು ಅಲ್ಲಿ ಮಾತ್ರ ಕಾಣಿಸುತ್ತವೆ. ಪೂರ್ತಿ ಪುಸ್ತಕವನ್ನು ಒಂದೇ ಏಟಿಗೆ ಅಚ್ಚು ತೆಗೆಯಬಹುದು.

ಎರಡನೆಯದು, ತಾಳದ ಕಟ್ಟಿಲ್ಲದೆ ಬರೆಯುವ ಅನುಕೂಲ. ಕೀರ್ತನೆಯ ಪಠಣದಲ್ಲಿ ಸಾಲು ಉದ್ದವಾದರೆ ಸ್ವರ ಉದ್ದ, ಸಾಲು ಗಿಡ್ಡವಾದರೆ ಸ್ವರ ಗಿಡ್ಡ. ಅಲ್ಲಿ ನಾಲ್ಕು ಮಾತ್ರೆಯ ಕಟ್ಟು ನಡೆಯುವುದಿಲ್ಲ. ಹಳೆಯ ಪದ್ಧತಿಯಲ್ಲಿ ಸುಳ್ಳು ತಾಳ ಹಾಕಿ ಅದನ್ನು ಅಡಗಿಸಿಡಬೇಕಾಗಿತ್ತು. ಡೋರಿಕೊದಲ್ಲಿ ತಾಳದ ಚೌಕದಲ್ಲಿ ಎಕ್ಸ್ ಎಂದು ಬರೆದರೆ ಸಾಕು, ಗೆರೆಗಳು ಹೋಗಿಬಿಡುತ್ತವೆ. ಹಾಗೆಯೇ ನಡುವೆ ಒಂದು ಮಾತ್ರೆ ಬಿಟ್ಟುಹೋದದ್ದು ಕೊನೆಗೆ ತಿಳಿದರೆ ಅಲ್ಲಿ ತೂರಿಸಬಹುದು, ಮುಂದಿನದೆಲ್ಲ ತಾನಾಗಿ ಸರಿದುಕೊಳ್ಳುತ್ತದೆ, ತಾಳದ ಗೆರೆಯನ್ನು ದಾಟಿದ ಸ್ವರ ಸರಿಯಾಗಿ ಕತ್ತರಿಸಿ ಕಮಾನು ಹಾಕಿಕೊಳ್ಳುತ್ತದೆ. ಮೂರು, ಎರಡು, ಎರಡು ಎಂದು ಏಳು ಮಾತ್ರೆಯ ನಡೆಯನ್ನು ಹಾಗೆಯೇ ಬರೆದು ಹೇಳಬಹುದು. ಮಿಶ್ರ ನಡೆಯ ಜಾನಪದ ಧಾಟಿಯೊಂದನ್ನು ಕಾಣಿಕೆಯ ಮೆರವಣಿಗೆಗೆ ಹೊಂದಿಸುವಾಗ ಇದರ ಬೆಲೆ ತಿಳಿಯಿತು.

ಬ್ಯಾಂಡಿನವರಿಗೆ ಒಂದು ಮಾತು. 2019ರ ಮೂರನೆಯ ಆವೃತ್ತಿಯಿಂದ ಎರಡು ಕಾರ್ನೆಟ್‌ಗಳ ಸಾಲುಗಳನ್ನು ನಿರ್ದೇಶಕನ ಪ್ರತಿಯಲ್ಲಿ ಒಂದೇ ಸಾಲಿಗೆ ತಾನಾಗಿ ಕೂಡಿಸಿ ತೋರಿಸುತ್ತದೆ, ವಾದಕರ ಹಾಳೆಗಳು ಮಾತ್ರ ಬೇರೆಯಾಗಿಯೇ ಉಳಿಯುತ್ತವೆ. ಧ್ವನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೇಳಿ ತಪ್ಪು ಹಿಡಿಯಲು ಸಾಕು.

ಮೊದಲು ಅನುಮತಿ ಒಂದೇ ಕಂಪ್ಯೂಟರ್‌ಗೆ ಕಟ್ಟಿಕೊಂಡಿರುತ್ತಿತ್ತು, ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಬಳಸಬೇಕಾದರೆ ಯುಎಸ್‌ಬಿ ಕೀಲಿ ಬೇಕಾಗುತ್ತಿತ್ತು. 2022ರ ನಾಲ್ಕನೆಯ ಆವೃತ್ತಿಯಿಂದ ಆ ಪದ್ಧತಿಯನ್ನು ತೆಗೆದು, ಒಬ್ಬರಿಗೆ ಮೂರು ಕಂಪ್ಯೂಟರ್‌ಗಳಲ್ಲಿ ಬಳಸಲು ಬಿಟ್ಟಿದ್ದಾರೆ. ಬೆಲೆ ಹೆಚ್ಚು. ಪ್ರೊ ಆವೃತ್ತಿಯ ಪಟ್ಟಿಬೆಲೆ 2024ರಲ್ಲಿ ಸುಮಾರು 580 ಡಾಲರ್ ಇತ್ತು. ಸಿಬೇಲಿಯಸ್ ಅಥವಾ ಫಿನಾಲೆ ಇದ್ದವರಿಗೆ ರಿಯಾಯಿತಿ ಸಿಗುತ್ತದೆ, ನಾನು ಹಾಗೆಯೇ ಕೊಂಡೆ. ಕಲಿಯುವ ಮಕ್ಕಳಿಗೆ ಎಸ್‌ಇ ಎಂಬ ಉಚಿತ ರೂಪ ಇದೆ. ಹಣ ಕೊಡಲಾಗದವರು ಮ್ಯೂಸ್‌ಸ್ಕೋರ್ ನೋಡಲಿ. ಅದು ಉಚಿತ, ಮೂಲಸಂಕೇತವೂ ತೆರೆದಿದೆ.

ಈ ಸ್ಟೈನ್‌ಬರ್ಗ್ ಕೂಡ ಕೈ ಬದಲಾಯಿಸಿದ ಕಂಪನಿಯೇ. 1984ರಲ್ಲಿ ಇಬ್ಬರು ಕಟ್ಟಿದ್ದು, 2003ರಲ್ಲಿ ಪಿನಾಕಲ್ ಕೈಗೆ ಹೋಯಿತು, ಎರಡು ವರ್ಷ ತುಂಬುವುದರೊಳಗೆ ಪಿನಾಕಲ್ ಅದನ್ನು ಯಮಾಹಾಕ್ಕೆ ಮಾರಿತು. ಮರುವರ್ಷ ಪಿನಾಕಲ್ಲನ್ನು ಕೊಂಡದ್ದು ಇದೇ ಅವಿಡ್. ಯಮಾಹಾ ನಡುವೆ ಬರದಿದ್ದರೆ ಸ್ಟೈನ್‌ಬರ್ಗ್ ಕೂಡ ಅವಿಡ್ ಮನೆ ಸೇರುತ್ತಿತ್ತೇನೋ. 2023ರಲ್ಲಿ ಅವಿಡ್ಡನ್ನೇ ಒಂದು ಹೂಡಿಕೆ ಸಂಸ್ಥೆ 1.4 ಶತಕೋಟಿ ಡಾಲರ್‌ಗೆ ಕೊಂಡಿತು. ಸಿಬೇಲಿಯಸ್ ಇನ್ನೂ ಜೀವಂತವಾಗಿದೆ, ಹೊಸ ಆವೃತ್ತಿಗಳು ಬರುತ್ತಿವೆ, ಅದರಲ್ಲಿ ಸುಖವಾಗಿರುವವರು ಬಿಟ್ಟು ಬರಬೇಕೆಂದು ನಾನು ಹೇಳುವುದಿಲ್ಲ. ಕಂಪನಿ ಮಾರಾಟವಾಯಿತೆಂದ ಮಾತ್ರಕ್ಕೆ ಎಲ್ಲ ಕೆಟ್ಟಿತು ಎಂದು ನಾನು ನಂಬುವುದಿಲ್ಲ. ಕೊಂಡವನಿಗೆ ಆ ವಸ್ತು ಏಕೆ ಬೇಕು ಎಂಬುದನ್ನು ನೋಡಬೇಕು. ಪಿಯಾನೊ, ಕಹಳೆ ಮಾಡಿ ಮಾರುವ ಯಮಾಹಾಕ್ಕೆ ಜನ ಸಂಗೀತ ಬರೆಯುತ್ತಿರಬೇಕು. ನನಗೆ ಸ್ವಲ್ಪ ಧೈರ್ಯ ಬರುವುದು ಅದರಿಂದ.

ಫಿನಾಲೆಯ ವಿಷಯ 2024ರ ಆಗಸ್ಟ್ 26ರಂದು ಬಂತು. 1988ರಿಂದ ನಡೆದು ಬಂದ ತಂತ್ರಾಂಶದ ಅಭಿವೃದ್ಧಿಯನ್ನೂ ಮಾರಾಟವನ್ನೂ ಅದರ ಒಡೆತನದ ಮೇಕ್‌ಮ್ಯೂಸಿಕ್ ಕಂಪನಿ ನಿಲ್ಲಿಸಿತು, ಬಳಕೆದಾರರಿಗೆ ಡೋರಿಕೊವನ್ನು 149 ಡಾಲರ್‌ಗೆ ಕೊಡುವ ಏರ್ಪಾಡು ಮಾಡಿತು. ಆ ಮೊದಲ ಪ್ರಕಟಣೆಯಲ್ಲಿ ಒಂದು ವರ್ಷದ ನಂತರ ಹೊಸ ಕಂಪ್ಯೂಟರ್‌ನಲ್ಲಿ ಫಿನಾಲೆಗೆ ಅನುಮತಿ ಸಿಗುವುದಿಲ್ಲ ಎಂಬ ಸಾಲು ಇತ್ತು. ಇಲ್ಲಿ ನಾವು ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ನೊವೇನಕ್ಕೆ, ಎಂದರೆ ಅದಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಗೆ, ಅಭ್ಯಾಸ ಮಾಡುತ್ತಿದ್ದ ದಿನಗಳು. ಪಕ್ಕದ ಊರಿನ ಬ್ಯಾಂಡ್ ಮಾಸ್ತರರು ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಸರ್, ನನ್ನ ಮಾರ್ಚ್‌ಗಳೆಲ್ಲ ಅದರಲ್ಲಿಯೇ ಇವೆ" ಎಂದರು. ಮುಂದೆ ಮಾತು ಹೊರಡಲಿಲ್ಲ. ನನಗೆ ಟೀಚರ್ ಅವರ ಸೂಟ್‌ಕೇಸ್ ಕಣ್ಣ ಮುಂದೆ ಬಂತು.

ಪ್ರಪಂಚದಾದ್ಯಂತ ಬಳಕೆದಾರರು ಆ ಒಂದು ಸಾಲಿನ ಮೇಲೆ ಮುಗಿಬಿದ್ದರು. ತಂತ್ರಾಂಶ ನಿಂತದ್ದನ್ನು ಎಷ್ಟೋ ಜನ ದುಃಖದಿಂದ ಒಪ್ಪಿಕೊಂಡರು, ತಮ್ಮ ಕಡತಗಳಿಗೆ ಬೀಗ ಬೀಳುವುದನ್ನು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಕಂಪನಿ ಮಾತು ಬದಲಿಸಿ ಅನುಮತಿ ಕೊಡುವುದನ್ನು ಮುಂದುವರಿಸುತ್ತೇವೆ ಎಂದಿತು. ಆ ಜನ ಬರೆಯದೆ ಸುಮ್ಮನಿದ್ದಿದ್ದರೆ ಆ ಸಾಲು ಹಾಗೆಯೇ ಉಳಿಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಾನು 2014ರಲ್ಲಿ ಒಂದು ಪತ್ರವನ್ನೂ ಬರೆದಿರಲಿಲ್ಲ. ಬರೆಯಬೇಕಿತ್ತು.

ಫಿನಾಲೆ ಇನ್ನೂ ತೆರೆದುಕೊಳ್ಳುತ್ತಿರುವವರಿಗೆ ನನ್ನ ಬೇಡಿಕೆ ಇಷ್ಟು: ಡೋರಿಕೊ ಕೊಳ್ಳಿ, ಬಿಡಿ, ಮೊದಲು ಕಡತಗಳನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪಕ್ಕೆ ತನ್ನಿ. ಇದು ರೆಕೊರ್ಡಾರೆ ಎಂಬ ಪುಟ್ಟ ಕಂಪನಿಯ ಮೈಕೆಲ್ ಗುಡ್ ರೂಪಿಸಿದ ಕಡತ ವಿನ್ಯಾಸ. 2011ರಲ್ಲಿ ಆ ಕಂಪನಿಯನ್ನು ಮೇಕ್‌ಮ್ಯೂಸಿಕ್ ಕೊಂಡಿತು, 2015ರಲ್ಲಿ ವಿನ್ಯಾಸದ ಹೊಣೆಯನ್ನು ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸಮುದಾಯ ಗುಂಪಿಗೆ ಒಪ್ಪಿಸಿತು. ಇಂದು ಬಹುತೇಕ ಎಲ್ಲ ಸ್ವರಲಿಪಿ ತಂತ್ರಾಂಶಗಳಲ್ಲಿ ತೆರೆಯಬಹುದಾದ ರೂಪ ಅದು. ಸ್ವರ, ಮಾತ್ರೆ, ಸಾಹಿತ್ಯ ಉಳಿಯುತ್ತವೆ. ಪುಟದ ಅಂದ ಮತ್ತು ಸಣ್ಣ ಹೊಂದಾಣಿಕೆಗಳು ಹೋಗುತ್ತವೆ. ಆದ್ದರಿಂದ ಜೊತೆಗೆ ಪಿಡಿಎಫ್ ಕೂಡ ತೆಗೆದಿಡಿ. ಫಿನಾಲೆಯಲ್ಲಿ ಇಡೀ ಫೋಲ್ಡರನ್ನು ಒಟ್ಟಿಗೆ ಪರಿವರ್ತಿಸುವ ಆಜ್ಞೆ ಎಕ್ಸ್‌ಪೋರ್ಟ್ ಪಟ್ಟಿಯೊಳಗೆ ಇದೆ.

ಹಬ್ಬ ಮುಗಿದ ಮೊದಲ ಭಾನುವಾರ ಮಾಸ್ತರರ ಮನೆಗೆ ಹೋಗಿ ಅದನ್ನೇ ಮಾಡಿದೆವು. 187 ಕಡತಗಳು. ಅವರ ಹೆಂಡತಿ ಹೊಸ ಅಕ್ಕಿಯ ಪಾಯಸ ತಂದಿಟ್ಟರು, ನಾವು ತಿನ್ನುತ್ತಿರುವಂತೆಯೇ ಹೆಸರುಗಳು ಒಂದರ ಹಿಂದೆ ಒಂದು ಪರದೆಯ ಮೇಲೆ ಹಾದುಹೋದವು. ನಂತರ ನನ್ನ ಲ್ಯಾಪ್‌ಟಾಪಿನ ಡೋರಿಕೊದಲ್ಲಿ ಮೂರನ್ನು ತೆರೆದು ನೋಡಿದೆವು. ಎರಡು ಸರಿಯಾಗಿದ್ದವು. ಮೂರನೆಯದರಲ್ಲಿ ಡ್ರಮ್ಮಿನ ಸಾಲು ಕಲಸಿಹೋಗಿತ್ತು, ಮಾಸ್ತರರು ಅಲ್ಲಿಯೇ ಕುಳಿತು, 6 ಎಲ್ಲಿ, 5 ಎಲ್ಲಿ ಎಂದು ನನ್ನನ್ನು ಕೇಳುತ್ತಾ, ಒಂದೊಂದೇ ಪೆಟ್ಟನ್ನು ಮತ್ತೆ ಬರೆಯತೊಡಗಿದರು.